ಗೋಡೆ ಯಾರದು?

ಶಿರೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಳಗಾಗುವಾಗ ಬೆಂಗಳೂರು ತಲಪುವ ನಮ್ಮವರಿಗೆ, ಅಲ್ಲಿನ ರಸ್ತೆ ಬದಿಯ ಗೋಡೆಗಳಲ್ಲಿ ಹಂಪಿಯೂ ಕಾಡುಪ್ರಾಣಿಗಳೂ ಕಾಣಿಸತೊಡಗಿದ್ದು 2009ರಿಂದೀಚೆಗೆ. ಭಿತ್ತಿಪತ್ರಗಳ ಹಾವಳಿ ತಡೆಯಲು ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕಂಡುಕೊಂಡ ಉಪಾಯವದು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬೋರ್ಡಿನ ಕಲಾವಿದರು ಮತ್ತೆ ಕುಂಚ ಹಿಡಿದರು. ಆದರೆ ಆ ಚಿತ್ರಗಳಲ್ಲಿ ನಾಡಿನ ವೈಭವವಿತ್ತೇ ಹೊರತು ಬೀದಿಯಲ್ಲಿ ಬದುಕುವವರ ಪಾಡು ಇರಲಿಲ್ಲ.

ಅದನ್ನು ತೋರಿಸಿದ್ದು ಬೇರೆ ಕೈಗಳು. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ದೊಡ್ಡ ರಸ್ತೆಗುಂಡಿಯೊಂದರಲ್ಲಿ ಮೊಸಳೆ ಮಾಡಿಟ್ಟರು. ಎಲ್ಲರೂ ಅದನ್ನು ನೋಡಿ ನಕ್ಕರು. ಕೆಲವೇ ದಿನಗಳಲ್ಲಿ ಗುಂಡಿ ಮುಚ್ಚಲಾಯಿತು. 2016ರಲ್ಲಿ ಅರವಾಣಿ ಆರ್ಟ್ ಪ್ರಾಜೆಕ್ಟ್ ಬಳಗದ ಜೊತೆ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಕೆ.ಆರ್. ಮಾರುಕಟ್ಟೆಯಲ್ಲಿ ಗೋಡೆಗೆ ಬಣ್ಣ ಹಚ್ಚಿ, ‘ನಾವು ಇದ್ದೇವೆ’ ಎಂದು ಸಾರಿದರು. ಯಾರನ್ನು ಕಂಡರೆ ಜನ ಮುಖ ತಿರುಗಿಸುತ್ತಿದ್ದರೋ ಅವರೇ ಜನನಿಬಿಡ ಪೇಟೆಯಲ್ಲಿ ನಿಂತು ಊರಿಗೆ ಚೆಂದ ತಂದರು. 2024ರಲ್ಲಿ ಇದೇ ಬಳಗದ ಭಿತ್ತಿಚಿತ್ರ ಇಟಲಿಯ ವೆನಿಸ್ ಬಿನಾಲೆ ಕಲಾ ಪ್ರದರ್ಶನದಲ್ಲೂ ಸ್ಥಾನ ಪಡೆಯಿತು.

ಗೋಡೆಗೆ ಬಣ್ಣ ಬಳಿದರೆ ಕೊಳೆ ಮರೆಯಾಗಬಹುದು. ಬೀದಿ ಬದಲಾಗಬೇಕಾದರೆ ಅಲ್ಲಿ ಬದುಕುವವರ ಕೈಗೆ ಕುಂಚ ಸಿಗಬೇಕು. ಹೆದ್ದಾರಿ ಬದಿಯ ನಮ್ಮ ಪೇಟೆಗಳಲ್ಲೂ ಖಾಲಿ ಗೋಡೆಗಳಿಗೆ ಕೊರತೆಯಿಲ್ಲ. ಅವುಗಳ ಮೇಲೆ ಏನು ಬರೆಯಿಸೋಣ ಎಂದು ಯೋಚಿಸುವ ಮೊದಲು, ಮೀನು ಮಾರುವ ಹೆಂಗಸನ್ನೂ ಶಾಲೆಗೆ ನಡೆದು ಹೋಗುವ ಮಗುವನ್ನೂ ಕೇಳಿದೆವೆಯೇ ಎಂದು ನಮ್ಮನ್ನು ನಾವೇ ಪ್ರಶ್ನಿಸಿಕೊಳ್ಳಬೇಕಾಗಿದೆ.