ಜಲಶೀತಲ ಸುತ್ತು (ಕಂಪ್ಯೂಟರ್)
ಮನೆಯಲ್ಲೇ ಜೋಡಿಸಿದ ಕಂಪ್ಯೂಟರಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳ ಶಾಖವನ್ನು ಹೀರಿದ ದ್ರವವನ್ನು ಪಂಪಿನಿಂದ ರೇಡಿಯೇಟರಿಗೆ ಹರಿಸಿ, ಫ್ಯಾನಿನ ಗಾಳಿಯಲ್ಲಿ ತಣಿಸಿ ಮರಳಿ ತರುವ ಮುಚ್ಚಿದ ಕೊಳವೆಮಾರ್ಗಕ್ಕೆ ಈ ಹೆಸರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗವನ್ನು (2022) ತಣಿಸುವುದೂ ದ್ರವವೇ. ಸುತ್ತಿನ ದ್ರವ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಆದ್ದರಿಂದ ಬೇಸಿಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊಳಲು, ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳ ಸೀಮೆಯಲ್ಲಿ, 100 ವಾಟ್ ಶಾಖಕ್ಕೆ 120 ಮಿಲಿಮೀಟರ್ ರೇಡಿಯೇಟರ್ ಎಂಬ ರೂಢಿಯ ಲೆಕ್ಕವನ್ನು ನೆಚ್ಚದೆ ಇನ್ನೂ ದೊಡ್ಡದನ್ನು ಯೋಜಿಸುವುದೇ ಲೇಸು. ಕೊಳವೆಬಾವಿಯ ಗಡಸುನೀರು, ಶಾಖ ಹೀರುವ ತಾಮ್ರದ ಬ್ಲಾಕಿನ ಕೂದಲೆಳೆಯಂಥ ಸೀಳುಗಳಲ್ಲಿ ಸುಣ್ಣ ಕಟ್ಟುವುದರಿಂದ, ಬಟ್ಟಿ ಇಳಿಸಿದ ನೀರನ್ನು ಬಳಸಿ, ಅದಕ್ಕೆ ಪಾಚಿನಿರೋಧಕ ಮತ್ತು ತುಕ್ಕುನಿರೋಧಕಗಳನ್ನು ಬೆರೆಸಲಾಗುತ್ತದೆ. ತಾಮ್ರದ ಜೊತೆ ಅಲ್ಯುಮಿನಿಯಂ ಸೇರಿದರೆ ಅಲ್ಯುಮಿನಿಯಂ ಸವೆಯುತ್ತದೆ. ಮೊದಲಿಗೆ ಪಂಪನ್ನಷ್ಟೇ 24 ಗಂಟೆ ಓಡಿಸಿ ಸೋರಿಕೆಯನ್ನು ಪರೀಕ್ಷಿಸುವ ವಾಡಿಕೆಯಿದೆ.