ಬಾವಂಚಿಯ ಬೀಜವೂ ಸೂರ್ಯನ ಕಿರಣವೂ

ಗ್ರಂದಿಗೆ ಅಂಗಡಿಯಿಂದ ತಂದ ಬಾವಂಚಿಯ ಬೀಜಗಳನ್ನು ಅಂಗೈಯಲ್ಲಿಟ್ಟು ನೋಡಿದವರಿಗೆ, ಕಪ್ಪಗೆ, ಚಪ್ಪಟೆಯಾಗಿ, ಜಗಿದರೆ ಕಹಿಯಾಗುವ ಈ ಸಣ್ಣ ಕಾಳಿನಲ್ಲಿ ತೊನ್ನಿನ ಬಿಳುಪನ್ನು ಮರೆಯಿಸುವ ಸಾಮರ್ಥ್ಯ ಅಡಗಿದೆಯೆಂದು ನಮ್ಮ ಪೂರ್ವಿಕರು ಹೇಗೆ ಅರಿತರೋ ಎಂಬ ವಿಸ್ಮಯ ಉಂಟಾಗದಿರದು. ಅಥರ್ವವೇದದ ಕಾಲಕ್ಕೇ ಈ ಕಲೆಗೆ ಕಿಲಾಸವೆಂಬ ಹೆಸರಿದ್ದಿತು. ಚರಕಸಂಹಿತೆಯಾದರೋ ಶ್ವಿತ್ರರೋಗಿಗೆ, ಎಂದರೆ ತೊನ್ನುಳ್ಳವನಿಗೆ, ಔಷಧವನ್ನು ಕುಡಿಸಿ, ಅವನ ಬಲಕ್ಕೆ ತಕ್ಕಷ್ಟು ಹೊತ್ತು ಬಿಸಿಲಿನಲ್ಲಿರಿಸಿ, ಮೈಮೇಲೆ ಎದ್ದ ಬೊಕ್ಕೆಗಳನ್ನು ಮುಳ್ಳಿನಿಂದ ಒಡೆಯಬೇಕೆಂದು ವಿಧಿಸಿತು. ಮದ್ದೊಂದರಿಂದಲೇ ಅಲ್ಲ, ಮದ್ದಿಗೆ ಸೂರ್ಯನು ಕೂಡಿದಾಗಲೇ ಗುಣವೆಂಬ ಈ ತಿಳಿವನ್ನೇ ನಾನು ಪ್ರಾಚೀನ ವೈದ್ಯದ ನಿಜವಾದ ಸಿದ್ಧಿಯೆಂದು ಎಣಿಸುತ್ತೇನೆ. 13ನೆಯ ಶತಮಾನದಲ್ಲಿ ಸಸ್ಯತಜ್ಞ ಇಬ್ನ್ ಅಲ್-ಬೈತಾರನೂ ಅಮ್ಮಿ ಮೇಜಸ್ ಎಂಬ ಗಿಡದ ಬೀಜವನ್ನೂ ಬಿಸಿಲನ್ನೂ ಜೊತೆಗೂಡಿಸುವ ಚಿಕಿತ್ಸೆಯನ್ನು ಬರೆದಿಟ್ಟಿದ್ದಾನೆ.

ಬಾವಂಚಿಯೊಳಗಿನ ಸಾರವನ್ನು ಬೇರ್ಪಡಿಸಿ, 1933ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರಜ್ಞರಾದ ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್. 11 ಇಂಗಾಲ, 6 ಜಲಜನಕ, 3 ಆಮ್ಲಜನಕ ಪರಮಾಣುಗಳಿಂದಾದ ಈ ಕಿರಿಯ ಅಣುವೇ ಸೋರಲೆನ್. ಚರ್ಮದ ಜೀವಕೋಶವನ್ನು ಹೊಕ್ಕು, ಡಿಎನ್‌ಎಯ ಮೆಟ್ಟಿಲುಗಳ ನಡುವೆ ನುಸುಳಿ ಸುಮ್ಮನಿರುವ ಅದು, ನೇರಳಾತೀತ ಕಿರಣ ತಾಕಿದೊಡನೆಯೇ ಅಲ್ಲಿ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಮದ್ದೂ ಕಿರಣವೂ ಕೂಡಿದ ಈ ಚಿಕಿತ್ಸೆ ಫಲಿಸಿದಾಗ ಬಣ್ಣವು ಕಲೆಯ ತುಂಬ ಒಮ್ಮೆಲೇ ಹರಡದೆ, ಅಲ್ಲಿನ ಒಂದೊಂದು ರೋಮದ ಬುಡದಲ್ಲಿಯೂ ಸಾಸಿವೆಯಷ್ಟು ಕಂದು ಚುಕ್ಕೆಯಾಗಿ ಮೂಡುತ್ತದೆ. ತಿಂಗಳುಗಟ್ಟಲೆ ಕನ್ನಡಿಯ ಮುಂದೆ ಕಾದವರಿಗೆ ಆ ಚುಕ್ಕೆ ಎಷ್ಟು ದೊಡ್ಡದೆಂಬುದನ್ನು ಬೇರೆಯವರು ಬಲ್ಲರೆ?

1940ರ ದಶಕದಲ್ಲಿ ಕೈರೋ ನಗರದ ಚರ್ಮವೈದ್ಯ ಎಲ್ ಮೊಫ್ಟಿಯವರು ಅಮ್ಮಿ ಬೀಜದಿಂದ ದೊರೆತ, ಸೋರಲೆನ್ನಿನ ದಾಯಾದಿಯೇ ಆದ ಹರಳನ್ನು ತೊನ್ನಿಗೆ ಪ್ರಯೋಗಿಸಿದ ಬಳಿಕ ಪಶ್ಚಿಮದ ವೈದ್ಯರೂ ಈ ಮಾರ್ಗವನ್ನು ಹಿಡಿದರು. 2022ರಲ್ಲಿ ಅಮೆರಿಕೆಯಲ್ಲಿ ತೊನ್ನಿನ ಚಿಕಿತ್ಸೆಗೆ ಅನುಮತಿ ಪಡೆದ ರುಕ್ಸೊಲಿಟಿನಿಬ್ ಮುಲಾಮು ಬೇರೊಂದು ಬಗೆಯದು. ಬಣ್ಣ ತಯಾರಿಸುವ ಜೀವಕೋಶಗಳ ಮೇಲೆ ದೇಹವೇ ಹೂಡಿದ ಯುದ್ಧವನ್ನು ಅದು ತಣಿಸುತ್ತದೆ.

ಇಷ್ಟೆಲ್ಲ ಅರಿತ ಪರಂಪರೆಯೇ ಈ ಕಲೆಗೆ ಶ್ವೇತಕುಷ್ಠವೆಂಬ ಹೆಸರನ್ನೂ ಕೊಟ್ಟದ್ದು ನನಗೆ ನೋವಿನ ಸಂಗತಿ. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಅಂಟುವುದೂ ಇಲ್ಲ. ಆದರೂ ಆ ಒಂದು ಹೆಸರಿನಿಂದ ಎಷ್ಟೋ ಹೆಣ್ಣುಮಕ್ಕಳ ಮದುವೆಗಳು ಮುರಿದುಹೋದವು.

ಓದುಗರಲ್ಲಿ ಒಂದು ವಿನಂತಿಯುಂಟು. ಬಾವಂಚಿಯ ಪುಡಿಯನ್ನು ಮನೆಯಲ್ಲಿಯೇ ಬಳಿದುಕೊಂಡು ಬಿಸಿಲಿಗೆ ಕೂರಬೇಡಿ. ಚರಕಸಂಹಿತೆ ಹೇಳಿದ ಆ ಬೊಕ್ಕೆಗಳು ಸುಟ್ಟ ಗಾಯಗಳೇ. ಮದ್ದಿನ ಅಳತೆಯನ್ನೂ ಕಿರಣದ ಅಳತೆಯನ್ನೂ ಬಲ್ಲ ಚರ್ಮವೈದ್ಯರನ್ನೇ ಕಾಣಿರಿ.