ಆ್ಯಂಟವರ್ಪದ ಹತ್ತೊಂಬತ್ತನೆಯವನು

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ವಾಚಕರಿಗೆ ಓಟದ ಕೊನೆಯ ಗಳಿಗೆಯ ರೋಮಾಂಚವನ್ನು ಹೊಸದಾಗಿ ಬಣ್ಣಿಸಬೇಕಾಗಿಲ್ಲ. ದೀಪಾವಳಿಯ ತರುವಾಯ ಕೊಬ್ಬರಿ ಹೋರಿಯು ಕೊರಳ ಸರವನ್ನು ಯಾರ ಕೈಗೂ ಸಿಗಗೊಡದೆ ಜನಸಂದಣಿಯನ್ನು ದಾಟಿತೆಂದರೆ ಊರಿಗೆ ಊರೇ ಕೇಕೆ ಹಾಕುವದು. ಆದರೆ ಎಲ್ಲರಿಗಿಂತ ಹಿಂದುಳಿದು ಗೆರೆ ಮುಟ್ಟಿದವನನ್ನು ನೆನೆಯುವವರಾರು?

1920ನೆಯ ಇಸವಿ ಅಗಸ್ಟ 22ರಂದು ಬೆಲ್ಜಿಯಮ್ ದೇಶದ ಆ್ಯಂಟವರ್ಪದಲ್ಲಿ ಒಲಿಂಪಿಕ ಮ್ಯಾರಥಾನ್ ಓಟವು ನಡೆಯಿತು. ದಾರಿಯು ಸುಮಾರು 42.75 ಕಿಲೊಮೀಟರಿನದು. ಇಷ್ಟು ದೂರ ಓಡಿಯೂ ಫಿನ್ಲಂಡದ ಕೋಲೆಹ್ಮಾಯ್ನೆನನು ಎಸ್ಟೋನಿಯದ ಲೊಸ್ಮನನನ್ನು ಹಿಂದೆ ಹಾಕಿದ್ದು ಬರಿಯ 13 ಸೆಕೆಂಡಿನಿಂದ. ಮೂರನೆಯವನಾದ ಇಟಲಿಯ ಆರ್ರಿಯಂತೂ ಗೆರೆ ದಾಟಿದೊಡನೆ ಮೂರು ಲಾಗ ಹೊಡೆದನಂತೆ. ಅವನ ಕಾಲಲ್ಲಿ ಇನ್ನೂ ಅಷ್ಟು ಕಸುವು ಉಳಿದಿತ್ತೆಂಬುದೇ ಸೋಜಿಗ!

ಭಾರತದಿಂದ ತಂಡವೊಂದು ಒಲಿಂಪಿಕಕ್ಕೆ ಹೋದದ್ದು ಅದೇ ಮೊದಲು. ಪುಣೆಯ ಡೆಕ್ಕನ್ ಜಿಮಖಾನೆಯ ಕ್ರೀಡೆಗಳಲ್ಲಿ ಬರಿಗಾಲಿನಿಂದ ಓಡುತ್ತಿದ್ದ ರೈತರ ಮಕ್ಕಳನ್ನು ಕಂಡು ಬೆರಗಾದ ದೊರಾಬಜಿ ಟಾಟಾ ಅವರ ಉದ್ಯಮದಿಂದ ಅದು ಕೂಡಿಬಂದಿತ್ತು. ಆ ತಂಡದಲ್ಲಿದ್ದವನು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಕೋಲೆಹ್ಮಾಯ್ನೆನನು ಮುಟ್ಟಿದ 18 ಮಿನಿಟುಗಳ ಮೇಲೆ, ಹೊರಟವರಲ್ಲಿ ಹಲವರು ನಡುದಾರಿಯಲ್ಲಿಯೇ ಓಟವನ್ನು ಕೈಬಿಟ್ಟಿರಲು, ಚೌಗುಲೆಯು ಅದೇ ಗೆರೆಯನ್ನು 19ನೆಯವನಾಗಿ ದಾಟಿದನು. ತಗಲಿದ ಕಾಲ 2 ಗಂಟೆ, 50 ಮಿನಿಟು, 45 ಸೆಕೆಂಡು.